ಇಲ್ಲದ ಅಣ್ಣನ ಚಳಿಜ್ವರ

“ನನ್ನ ಅಣ್ಣನಿಗೆ ಎರಡು ದಿನಗಳಿಂದ ಚಳಿಜ್ವರ ಬರುತ್ತಿದೆ. ಮಲೇರಿಯಾ ಇರಬಹುದು ಅನ್ನಿಸುತ್ತದೆ. ಮಾತ್ರೆ ಕೊಡುತ್ತೀರಾ?”

ಮಳೆಗಾಲ ಮುಗಿಯುತ್ತ ಬಂದ ಆ ತಿಂಗಳುಗಳಲ್ಲಿ ಈ ಮೂರು ವಾಕ್ಯಗಳನ್ನು ಬಂಟ್ವಾಳ, ಬೆಳ್ತಂಗಡಿ ಕಡೆಯ ಎಷ್ಟೋ ಮೆಡಿಕಲ್ ಶಾಪ್‌ಗಳ ಕೌಂಟರಿನಲ್ಲಿ ಒಂದಕ್ಷರ ತಪ್ಪದೆ ಹೇಳಿದ್ದೇನೆ. ನನಗೆ ಅಣ್ಣನಿಲ್ಲ. ಇದ್ದು, ಅವನಿಗೆ ಜ್ವರ ಬಂದಿದ್ದರೆ ನಾನು ಹೀಗೆ ಕೇಳುತ್ತಿರಲಿಲ್ಲ ಎಂಬುದು ಬಹಳ ತಡವಾಗಿ ಹೊಳೆಯಿತು. ಇನ್ನೊಬ್ಬಳಿಗೆ ಅದು ಮೊದಲ ದಿನವೇ ಗೊತ್ತಿತ್ತು. ಈ ಬರಹ ಆ ಕೆಲಸದ ಬಗ್ಗೆ ಎಷ್ಟೋ, ಆ ಇನ್ನೊಬ್ಬಳ ಮೇಲೆ ನನಗಿದ್ದ ಹೊಟ್ಟೆಕಿಚ್ಚಿನ ಬಗ್ಗೆಯೂ ಅಷ್ಟೇ.

ಔಷಧಿ ಅಂಗಡಿ ಎಂಥದು ಎಂಬುದಕ್ಕೂ ಅಲ್ಲಿ ಮಲೇರಿಯಾದ ಮದ್ದನ್ನು ಹೇಗೆ ಕೊಡುತ್ತಾರೆ ಎಂಬುದಕ್ಕೂ ಏನಾದರೂ ಸಂಬಂಧವಿದೆಯೇ ಎಂದು ನೋಡುವುದು ನಮ್ಮ ಅಧ್ಯಯನ. ಅಂಗಡಿ ದೊಡ್ಡದೋ ಚಿಕ್ಕದೋ, ನೋಂದಾಯಿತ ಫಾರ್ಮಸಿಸ್ಟ್ ನಿಜವಾಗಿ ಕೌಂಟರಿನಲ್ಲಿ ಇರುತ್ತಾರೋ ಅಥವಾ ಗೋಡೆಯಲ್ಲಿ ಸರ್ಟಿಫಿಕೇಟ್ ಮಾತ್ರ ಇರುತ್ತದೋ, ಪಕ್ಕದಲ್ಲಿ ಕ್ಲಿನಿಕ್ ಇದೆಯೋ, ಸರಕಾರಿ ಆಸ್ಪತ್ರೆ ಎಷ್ಟು ದೂರ, ಇವೆಲ್ಲ ಒಂದು ಕಡೆ. ಡಾಕ್ಟರ ಚೀಟಿ ಕೇಳಿದರೇ, ರಕ್ತಪರೀಕ್ಷೆ ಆಯಿತೇ ಎಂದು ವಿಚಾರಿಸಿದರೇ, ಬರೀ ಕ್ಲೋರೋಕ್ವಿನ್ ಕೊಟ್ಟು ಕಳಿಸಿದರೇ ಅಥವಾ ಜ್ವರ ಮರುಕಳಿಸದ ಹಾಗೆ ಹದಿನಾಲ್ಕು ದಿನ ನುಂಗಬೇಕಾದ ಪ್ರಿಮಾಕ್ವಿನ್ ಬಗ್ಗೆಯೂ ಹೇಳಿದರೇ, ಇವು ಇನ್ನೊಂದು ಕಡೆ. ನಾವು ಮೊದಲು ಗಿರಾಕಿಯಂತೆ ಹೋಗಬೇಕು. ಕೆಲವು ವಾರ ಬಿಟ್ಟು ಗುರುತಿನ ಚೀಟಿ ತೋರಿಸಿ ಪ್ರಶ್ನಾವಳಿಯೊಂದಿಗೆ ಮತ್ತೆ ಹೋಗಬೇಕು. ಇದರಲ್ಲಿ ಮೋಸವಿಲ್ಲ. ಅಧ್ಯಯನದವರು ಯಾರಾದರೂ ಒಂದೆರಡು ಸಲ ಗಿರಾಕಿಯ ಹಾಗೆ ಬರಬಹುದು, ಅಂಗಡಿಯ ಹೆಸರು ಎಲ್ಲಿಯೂ ಬರುವುದಿಲ್ಲ ಎಂದು ಮೊದಲೇ ತಿಳಿಸಿ ಮಾಲೀಕರ ಒಪ್ಪಿಗೆ ಪಡೆದಿದ್ದೆವು. ಯಾರು, ಯಾವಾಗ ಎಂದು ಮಾತ್ರ ಹೇಳಿರಲಿಲ್ಲ.

ನಿಯಮಗಳು ಬಿಗಿಯಾಗಿದ್ದವು, ನನಗೆ ಅವು ಇಷ್ಟವಾಗಿದ್ದವು. ಅಂಗಡಿಯೊಳಗೆ ಪೆನ್ನು ತೆಗೆಯುವಂತಿಲ್ಲ. ಹೊರಗೆ ಬಂದು ಹತ್ತಿರದ ಬಸ್‌ಸ್ಟ್ಯಾಂಡಿನಲ್ಲಿ ಕೂತು, ನೆನಪು ಹಸಿಯಾಗಿರುವಾಗಲೇ ಹಾಳೆ ತುಂಬಬೇಕು. ಮಾತ್ರೆ ಸಿಕ್ಕಿದರೆ ಕೋಡ್ ನಂಬರ್ ಹಾಕಿದ ಕವರಿನಲ್ಲಿಟ್ಟು ಆಫೀಸಿಗೆ ಒಪ್ಪಿಸಬೇಕು. ಸ್ವಂತ ಊರಿನಲ್ಲಿ ಗಿರಾಕಿಯಾಗಬಾರದು. ಮೂರು ವಾಕ್ಯಗಳಲ್ಲಿ ಒಂದನ್ನೂ ಬದಲಿಸಬಾರದು.

ನಮ್ಮ ಮುಖ್ಯಸ್ಥೆ ಧಾರವಾಡ ಕಡೆಯವರು. ವಾಕ್ಯಗಳನ್ನು ಬರೆದವರು ಅವರೇ. ನಾವು ಕೆಲಸಕ್ಕೆ ಇಳಿದ ಮೊದಲ ದಿನವೇ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು: “ಮುಂದಿನ ಹಂತಕ್ಕ ನಿಮ್ಮಿಬ್ಬರೊಳಗ ಒಬ್ಬರಿಗಷ್ಟ ಜಾಗ ಐತಿ. ಪಿಎಚ್‌.ಡಿ. ನೋಂದಣಿ, ಫೆಲೋಶಿಪ್ ಎರಡೂ ಅದರ ಜೋಡಿ ಬರ್ತಾವ. ಈಗ ಹೇಳಿಬಿಡ್ತೀನಿ, ಆಮ್ಯಾಲೆ ಮಾರಿ ಊದಿಸಿಕೋಬ್ಯಾಡ್ರಿ.”

ಆ ಜಾಗ ನನಗೆ ಬೇಕಿತ್ತು. ಎಂ.ಫಾರ್ಮ್ ಮುಗಿಸಿ ಮನೆಯಲ್ಲಿ ಕೂತಿದ್ದೆ. ಅದು ಸಿಗದಿದ್ದರೆ ಮುಂದೇನು ಎಂಬುದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮನೆಯವರಲ್ಲಿ ಇತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ.

ನನ್ನ ಜೊತೆಗಾತಿ ಬಂಟ್ವಾಳ ಪೇಟೆಯ ಬ್ಯಾರಿ ಮನೆತನದ ಹುಡುಗಿ. ಓದಿದ್ದು ನಾನು ಓದಿದ್ದನ್ನೇ, ಬೇರೆ ಕಾಲೇಜಿನಲ್ಲಿ. ನನ್ನ ಮನೆ ಮೂಡುಬಿದಿರೆ ಪಕ್ಕದ ಪುತ್ತಿಗೆಯ ಕಡೆ. ಸ್ವಂತ ಊರಿನ ನಿಯಮದಿಂದಾಗಿ ಮೂಡುಬಿದಿರೆಯ ಅಂಗಡಿಗಳು ಅವಳಿಗೆ ಬಂದವು, ಬಂಟ್ವಾಳದವು ನನಗೆ, ಬೆಳ್ತಂಗಡಿಯನ್ನು ಹಂಚಿಕೊಂಡೆವು. ಅವಳ ಅಕ್ಷರ ಕೋಳಿ ಕೆರೆದಂತೆ. ಸಮಯಕ್ಕೆ ಸರಿಯಾಗಿ ಎಲ್ಲಿಗೂ ಬಂದವಳಲ್ಲ. ಬಸ್ಸಿನಲ್ಲಿ ಕೂತ ಕೂಡಲೇ ನನ್ನ ಹೆಗಲ ಮೇಲೆ ತಲೆ ಹಾಕಿ ನಿದ್ದೆ ಮಾಡುತ್ತಿದ್ದಳು. ಇಂಥವಳ ಜೊತೆ ಸ್ಪರ್ಧೆ ಕಷ್ಟವಾಗಲಾರದು ಎಂದುಕೊಂಡಿದ್ದೆ.

ಎರಡು ವಾರ ಕಳೆದಾಗ ಹಾಳೆಗಳನ್ನು ಜೋಡಿಸಿ ನೋಡಿದೆವು. ನನ್ನವುಗಳಲ್ಲಿ ಒಂದೇ ಉತ್ತರ. ಚೀಟಿ ಇಲ್ಲದೆ ಕೊಡುವುದಿಲ್ಲ, ರಕ್ತಪರೀಕ್ಷೆ ಮಾಡಿಸಿ, ಸರಕಾರಿ ಆಸ್ಪತ್ರೆಗೆ ಹೋಗಿ. ದೊಡ್ಡ ಅಂಗಡಿಯಲ್ಲೂ ಅದೇ, ಬಸ್‌ಸ್ಟ್ಯಾಂಡಿನ ಗೂಡಿನಂಥ ಅಂಗಡಿಯಲ್ಲೂ ಅದೇ. ಅವಳ ಹಾಳೆಗಳಲ್ಲಿ ಲೋಕವೇ ಇತ್ತು. ಒಬ್ಬರು ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟಿದ್ದರು. ಕ್ಲಿನಿಕ್ಕಿನ ಪಕ್ಕದವರು “ಡಾಕ್ಟ್ರು ನೋಡಿದ್ರೆ ಬೈತಾರೆ” ಎಂದು ಕಳಿಸಿದ್ದರು. ಒಂದು ಕಡೆ ಫಾರ್ಮಸಿಸ್ಟಿನ ಬಿಳಿ ಕೋಟು ಮೊಳೆಯಲ್ಲಿ ನೇತಾಡುತ್ತಿತ್ತು, ಮದ್ದು ಕೊಟ್ಟವರು ಮಾಲೀಕರ ಅತ್ತಿಗೆ. ಮತ್ತೊಬ್ಬರು ಮಾತ್ರೆಯನ್ನೂ ಕೊಡದೆ ಅವಳನ್ನೂ ಬಿಡದೆ, ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಅಣ್ಣನ ರಕ್ತ ತೆಗೆಯಲು ಮನೆಗೇ ಕಳಿಸುತ್ತೇನೆ ಎಂದು ಹಟ ಹಿಡಿದಿದ್ದರು.

ಮೇಡಂ ನನ್ನ ಹಾಳೆಗಳನ್ನು ಮಗುಚಿ ಹಾಕಿದರು. “ಅಕ್ಷರ ಮುತ್ತಿನಂಗ ಅದಾವ. ಆದ್ರ ನಿಮ್ಮ ಕಾಲಮ್ಮಿನ್ಯಾಗ ಎಲ್ಲಾ ಒಂದ ಉತ್ತರ. ಎಲ್ಲಾ ಅಂಗಡಿಯವರೂ ಇಷ್ಟು ಶಿಸ್ತಿಲೆ ಇದ್ರ ನಾವ್ಯಾಕ ಬರ್ತಿದ್ವಿ?” ಆಮೇಲೆ ಅವಳ ಹಾಳೆ ಎತ್ತಿಕೊಂಡು ನಕ್ಕರು. “ಇದು ನೋಡ್ರಿ ಡೇಟಾ ಅಂದ್ರ.”

ನಾನು ಮನೆಗೆ ಹೋಗಿ ಊಟ ಮಾಡಿದೆ, ಅಮ್ಮ ಕೇಳಿದ್ದಕ್ಕೆ ಉತ್ತರಿಸಿದೆ. ಯಾರಿಗೂ ಏನೂ ಗೊತ್ತಾಗಲಿಲ್ಲ.

ಮರುದಿನ ಬೆಳ್ತಂಗಡಿ ಕಡೆಯ ಮಡಂತ್ಯಾರಿನ ಒಂದು ಅಂಗಡಿಗೆ ಹೋದೆ. ಉದ್ದನೆಯ ಕೌಂಟರು, ಒಳಗೆ ಫ್ರಿಜ್, ಗೋಡೆಯಲ್ಲಿ ಚೌಕಟ್ಟು ಹಾಕಿದ ಸರ್ಟಿಫಿಕೇಟ್. ಐವತ್ತು ದಾಟಿದ ಮಾಲೀಕರು ಮತ್ತೊಬ್ಬರೊಡನೆ ಜೋರಾಗಿ ತುಳುವಿನಲ್ಲಿ ಕ್ರಿಕೆಟ್ ಮಾತಾಡುತ್ತಿದ್ದರು. ನಾನು ಮೂರು ವಾಕ್ಯ ಹೇಳಿದೆ. ಮಾತು ನಿಂತಿತು. ಅವರು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು.

“ಸಾರಿ ಮೇಡಂ. ಡಾಕ್ಟ್ರ ಚೀಟಿ ಇಲ್ಲದೆ ನಾವು ಕೊಡುವುದಿಲ್ಲ. ಇಷ್ಟರವರೆಗೆ ಕೊಟ್ಟದ್ದೇ ಇಲ್ಲ.”

“ಸರಿ,” ಎಂದೆ.

“ಲೈಸೆನ್ಸ್ ರಿನೀವಲ್ ಆಗಿದೆ ಮೇಡಂ. ಒಳಗೆ ಉಂಟು. ತೋರಿಸ್ಲಾ?”

“ಬೇಡ. ನಾನು ಅಣ್ಣನಿಗೆ ಕೇಳಿದ್ದು.”

“ಹೌದು ಹೌದು, ಅಣ್ಣನಿಗೆ,” ಎಂದು ಅವರು ಬಹಳ ಗೌರವದಿಂದ ಹೇಳಿದರು. “ಕೂತ್ಕೊಳ್ಳಿ, ಒಂದು ಕೋಲ್ಡ್ ತರಿಸ್ತೇನೆ.”

ನಾನು ಇಳಿದು ಬರುವಾಗ ಕ್ರಿಕೆಟ್ಟಿನ ಮನುಷ್ಯ ತುಳುವಿನಲ್ಲಿ ಯಾರೆಂದು ಕೇಳಿದ. “ಡ್ರಗ್ಸಿನವರು,” ಎಂದು ಮಾಲೀಕರು ಅದೇ ಭಾಷೆಯಲ್ಲಿ ಪಿಸುಗುಟ್ಟಿದರು. ಔಷಧ ನಿಯಂತ್ರಣ ಇಲಾಖೆಯಿಂದ ತಪಾಸಣೆಗೆ ಬಂದವರು ಎಂದರ್ಥ. ನನಗೆ ತುಳು ಬರುತ್ತದೆ ಎಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ. ನನ್ನ ಮನೆಮಾತೇ ಅದು.

ಆ ಹಾಳೆಯನ್ನು ತುಂಬಿದೆ. ಚೀಟಿ ಕೇಳಿದರು, ಮಾತ್ರೆ ಕೊಡಲಿಲ್ಲ. ಪಿಸುಗುಟ್ಟಿದ್ದನ್ನು ಬರೆಯಲು ಹಾಳೆಯಲ್ಲಿ ಜಾಗವಿರಲಿಲ್ಲ.

ಅದೇ ಸಂಜೆ ಬಸ್ಸಿನಲ್ಲಿ ಅವಳು ತನ್ನ ದಿನದ ಕಥೆ ಹೇಳಿದಳು. ಮೂಡುಬಿದಿರೆಯ ಒಂದು ಅಂಗಡಿಯಲ್ಲಿ ವಯಸ್ಸಾದ ಜೈನರೊಬ್ಬರು ಅವಳಿಗೆ ಚೆನ್ನಾಗಿ ಬೈದಿದ್ದರಂತೆ. “ರಕ್ತ ನೋಡದೆ ಮಾತ್ರೆ ನುಂಗಿಸ್ತೀಯಾ? ನಿನಗೆ ಮಂಡೆ ಸರಿ ಉಂಟಾ? ಜ್ವರ ಬಿಟ್ಟ ಕೂಡ್ಲೆ ಮದ್ದು ಬಿಡ್ತೀರಿ, ಮತ್ತೆ ತಿಂಗಳು ಬಿಟ್ಟು ಬಂದು ನನ್ನ ಪ್ರಾಣ ತಿಂತೀರಿ. ಹೋಗು, ಅಣ್ಣನನ್ನು ಎಬ್ಬಿಸಿ ಆಸ್ಪತ್ರೆಗೆ ಕರ್ಕೊಂಡು ಹೋಗು, ಇಲ್ಲದಿದ್ರೆ ನಾನೇ ಬರ್ತೇನೆ ನಿನ್ನ ಮನೆಗೆ.” ಅವಳು ಅವರ ದನಿಯಲ್ಲೇ ಹೇಳಿ ತೋರಿಸಿದಳು. ಹಿಂದಿನ ಸೀಟಿನ ಹೆಂಗಸರೂ ನಕ್ಕರು.

ನಾನು ನಗಲಿಲ್ಲ. ನನಗೆ ಸಿಕ್ಕಿದ್ದು ಗೌರವ ಮತ್ತು ತಂಪು ಪಾನೀಯದ ಆಹ್ವಾನ. ಅವಳಿಗೆ ಬೈಗುಳ ಸಿಕ್ಕಿತ್ತು. ಆ ಬೈಗುಳದ ಮೇಲೆ ನನಗೆ ಆಸೆಯಾಯಿತು. ಎಂ.ಫಾರ್ಮ್ ಮಾಡಿದವಳು ಒಬ್ಬ ಅಂಗಡಿಯವರಿಂದ ಬೈಸಿಕೊಳ್ಳಲು ಹಂಬಲಿಸುವುದು ಎಂಥ ಸ್ಥಿತಿ ಎಂದು ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಹೊಟ್ಟೆಕಿಚ್ಚು ಅನುಮಾನವನ್ನು ಬೇಗ ಹುಟ್ಟಿಸುತ್ತದೆ. ಅವಳು ಅಂಗಡಿಯವರನ್ನು ಗೋಗರೆದು ಮಾತ್ರೆ ಕೊಡುವಂತೆ ಮಾಡುತ್ತಿರಬೇಕು ಎಂದು ನನಗೆ ಅನ್ನಿಸತೊಡಗಿತು. ಹಾಗಿದ್ದರೆ ಅವಳು ದಾಖಲಿಸುತ್ತಿರುವುದು ಅಂಗಡಿಯ ರೂಢಿಯನ್ನಲ್ಲ, ತನ್ನ ನಾಲಿಗೆಯ ಶಕ್ತಿಯನ್ನು. ಈ ಅನುಮಾನ ವೈಜ್ಞಾನಿಕವಾಗಿ ಸರಿಯಾಗಿಯೇ ಇತ್ತು. ಅದು ಬಂದ ದಾರಿ ಮಾತ್ರ ಬೇರೆ.

ಪರೀಕ್ಷಿಸುವ ಸಂದರ್ಭ ಬೆಳ್ತಂಗಡಿ ಪಕ್ಕದ ಲಾಯಿಲದಲ್ಲಿ ಸಿಕ್ಕಿತು. ಅಂದು ಅವಳ ಅಂಗಡಿ ಮತ್ತು ನನ್ನ ಅಂಗಡಿ ಒಂದೇ ಕಟ್ಟಡದ ಎರಡು ತುದಿಗಳಲ್ಲಿದ್ದವು. ನನ್ನದು ಎಂದಿನಂತೆ ಬೇಗ ಮುಗಿಯಿತು. ಅವಳಿದ್ದ ಅಂಗಡಿಯ ಪಕ್ಕದ ಫ್ಯಾನ್ಸಿ ಸ್ಟೋರ್ಸಿನ ಎದುರು ನಿಂತು, ತೂಗುಹಾಕಿದ್ದ ಕ್ಲಿಪ್ಪುಗಳನ್ನು ನೋಡುವವಳಂತೆ ಕಿವಿಗೊಟ್ಟೆ.

“ಅಣ್ಣ, ಒಂತೆ ಮರ್ದ್ ಕೊರ್ಲೆ,” ಅನ್ನುತ್ತಿದ್ದಳು. ಸ್ವಲ್ಪ ಮದ್ದು ಕೊಡಿ ಎಂದು ತುಳುವಿನಲ್ಲಿ. ಆಮೇಲೆ ಅಣ್ಣನಿಗೆ ಚಳಿಜ್ವರ, ಮಲೇರಿಯಾವೋ ಏನೋ, ಎಂದಳು. ಅಂಗಡಿಯವನು ಚೀಟಿ ಕೇಳಿದ. ಇಲ್ಲವೆಂದಳು. ಅವನು ಸುಮ್ಮನಾದ. ಅವಳೂ ಸುಮ್ಮನೆ ನಿಂತಳು. ನಂತರ ಕತ್ತರಿಯಲ್ಲಿ ಮಾತ್ರೆಯ ಪಟ್ಟಿ ಕತ್ತರಿಸುವ ಶಬ್ದ ಕೇಳಿಸಿತು.

ಹಾಳೆ ತುಂಬಿದ ಮೇಲೆ ಹತ್ತಿರದ ಹೋಟೆಲಿನಲ್ಲಿ ಚಹಾಕ್ಕೆ ಕೂತೆವು. ನಾವಿಬ್ಬರೂ ಅರ್ಧ ತುಳು ಅರ್ಧ ಕನ್ನಡದಲ್ಲಿ ಮಾತಾಡುತ್ತಿದ್ದೆವು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ.

“ನೀನು ವಾಕ್ಯ ಬದಲಾಯಿಸಿದ್ದಿ,” ಎಂದೆ.

“ಕದ್ದು ಕೇಳಿದ್ದಾ?” ಅವಳು ನಕ್ಕಳು. “ಬದಲಾಯಿಸಿಲ್ಲ ಮಾರಾಯ್ತಿ. ಅದನ್ನೇ ತುಳುವಿನಲ್ಲಿ ಹೇಳಿದ್ದು.”

“ನಿಯಮದಲ್ಲಿ ಹಾಗಿಲ್ಲ.”

“ನಿಯಮ ಬರೆದವರು ಧಾರವಾಡದವರು. ನೀನು ಪುತ್ತಿಗೆಯವಳಲ್ವಾ? ನಿನ್ನ ಊರಲ್ಲಿ ಯಾರಾದ್ರೂ ಮೆಡಿಕಲ್ಲಿಗೆ ಹೋಗಿ ‘ಮಲೇರಿಯಾ ಇರಬಹುದು ಅನ್ನಿಸುತ್ತದೆ’ ಅಂತ ಹೇಳಿದ್ದು ಕೇಳಿದ್ದೀಯಾ? ನೀನು ಹೇಳುವಾಗ ಟೀಚರ್ ಹಾಜರಿ ಕರೆದ ಹಾಗೆ ಆಗ್ತದೆ. ನನಗೇ ಎದ್ದು ನಿಲ್ಲುವ ಅಂತ ಅನ್ನಿಸ್ತದೆ.”

“ಹಾಗಾದರೆ ಮೇಡಮ್ಮಿಗೆ ಹೇಳಿ ಒಪ್ಪಿಗೆ ತೆಗೆದುಕೊಳ್ಳಬೇಕಿತ್ತು.”

“ಅಷ್ಟಕ್ಕೆಲ್ಲ ಎಂತ ಒಪ್ಪಿಗೆ?”

ಅಷ್ಟಕ್ಕೆಲ್ಲ ಎಂತ ಒಪ್ಪಿಗೆ. ನಾನು ಎರಡು ವಾರಗಳಿಂದ ಆ ವಾಕ್ಯಗಳನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ.

ಮರುದಿನ ಮೇಡಮ್ಮಿಗೆ ಹೇಳಿದೆ, ಅವಳ ಎದುರಿಗೇ. ಬೆನ್ನ ಹಿಂದೆ ಹೇಳುವುದು ನನ್ನಿಂದಾಗದು. ಎದುರಿಗೆ ಹೇಳುವಾಗ ನನ್ನ ದನಿ ಎಷ್ಟು ಸಮವಾಗಿತ್ತೆಂದರೆ ನನಗೇ ಮೆಚ್ಚುಗೆಯಾಯಿತು. ಮೇಡಂ ಸಿಟ್ಟಾದರು. “ಅಷ್ಟೂ ಅಂಗಡಿ ಹಾಳು ಮಾಡಿದ್ರಲ್ಲ? ಒಬ್ಬಾಕಿ ಒಂದು ಕೇಳಿದ್ರ, ಇನ್ನೊಬ್ಬಾಕಿ ಇನ್ನೊಂದು ಕೇಳಿದ್ರ ಹೆಂಗ ಹೋಲಿಸೋದ್ರಿ?” ಅವಳು ತಲೆ ತಗ್ಗಿಸಿದಳು. ಅವಳು ತಲೆ ತಗ್ಗಿಸಿದ್ದನ್ನು ನಾನು ಮೊದಲ ಬಾರಿ ನೋಡಿದೆ. ಜಾಗ ನನ್ನದಾಯಿತು ಎಂದು ಒಂದು ಗಳಿಗೆ ಅನ್ನಿಸಿತು.

ಆದರೆ ಮಡಂತ್ಯಾರಿನ ಪಿಸುಮಾತು ನನ್ನನ್ನು ಬಿಡಲಿಲ್ಲ. ಅವಳ ಹಾಳೆಗಳನ್ನು ತೆಗೆದುಹಾಕಿದರೆ ಉಳಿಯುವುದು ನನ್ನವು. ನನ್ನವುಗಳ ಪ್ರಕಾರ ಈ ಊರುಗಳಲ್ಲಿ ಚೀಟಿಯಿಲ್ಲದೆ ಯಾರೂ ಮಲೇರಿಯಾದ ಮಾತ್ರೆ ಕೊಡುವುದೇ ಇಲ್ಲ. ಅದು ಸುಳ್ಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದಕ್ಕೆ ಸಹಿ ಹಾಕುವುದು ಹೇಗೆ? ಜೊತೆಗೆ ನನಗೆ ಇನ್ನೂ ಒಂದು ತಿಳಿಯಬೇಕಿತ್ತು. ಅವಳಿಗೆ ಮದ್ದು ಸಿಗುತ್ತಿದ್ದುದು ತುಳುವಿನಿಂದಲೋ, ಅವಳು ಅವಳಾಗಿದ್ದರಿಂದಲೋ?

ಹಾಗಾಗಿ ನಾನೇ ಸೂಚಿಸಿದೆ. ಬೆಳ್ತಂಗಡಿ ಭಾಗದ ಅಂಗಡಿಗಳನ್ನು ಅದಲುಬದಲು ಮಾಡೋಣ. ನಾನು ಹೋದ ಕಡೆ ಅವಳು ತುಳುವಿನಲ್ಲಿ ಕೇಳಲಿ, ಅವಳು ಹೋದ ಕಡೆ ನಾನು ಕನ್ನಡದಲ್ಲಿ ಕೇಳುತ್ತೇನೆ. ಇಬ್ಬರೂ ಹೋಗದೆ ಉಳಿದ ಅಂಗಡಿಗಳಲ್ಲಿ ನಾನು ತುಳು, ಅವಳು ಕನ್ನಡ. ತುಳುವಿನ ವಾಕ್ಯವನ್ನೂ ಬರೆದು ಗಟ್ಟಿ ಮಾಡೋಣ, ಇಬ್ಬರಿಗೂ ಒಂದೇ. ಮೇಡಂ, “ಹಂಗ ಮಾಡ್ರಿ,” ಎಂದರು.

ಹೊರಗೆ ಬಂದಾಗ ಅವಳು, “ನೀನು ನನ್ನನ್ನು ಉಳಿಸಿದ್ದಾ, ಮುಳುಗಿಸಿದ್ದಾ ಅಂತ ಗೊತ್ತಾಗ್ಲಿಲ್ಲ,” ಎಂದಳು.

“ನನಗೂ ಗೊತ್ತಿಲ್ಲ,” ಎಂದೆ. ಅದು ನಿಜವಾಗಿತ್ತು.

ಮಡಂತ್ಯಾರಿನ, ಅಂಗಿಯ ಗುಂಡಿ ಹಾಕಿಕೊಂಡ ಮಾಲೀಕರಲ್ಲಿಗೆ ಅವಳು ಹೋದಳು. ಅರ್ಧ ಪಟ್ಟಿ ಕ್ಲೋರೋಕ್ವಿನ್, ಊಟವಾದ ಮೇಲೆ ನುಂಗಿಸಬೇಕೆಂಬ ಸಲಹೆ, ಪ್ರಿಮಾಕ್ವಿನ್ ಬಗ್ಗೆ ಒಂದು ಮಾತೂ ಇಲ್ಲ. ಅವಳಿಗೆ ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟಿದ್ದ ಅಂಗಡಿಗೆ ನಾನು ಹೋದೆ. “ಸಾರಿ ಮೇಡಂ.” ಎರಡೂ ಅಂಗಡಿಗಳಲ್ಲಿ ಮೊದಲಿನ ಅದೇ ಫ್ರಿಜ್, ಅದೇ ಸರ್ಟಿಫಿಕೇಟ್, ಅದೇ ಫಾರ್ಮಸಿಸ್ಟ್. ಅಂಗಡಿಯ ಯಾವ ಲಕ್ಷಣವೂ ಬದಲಾಗಿರಲಿಲ್ಲ. ಕ್ಲಿನಿಕ್ಕಿನ ಪಕ್ಕದ ಅಂಗಡಿಗಳು ಮಾತ್ರ ಇಬ್ಬರಿಗೂ ಒಂದೇ ಉತ್ತರ ಕೊಟ್ಟವು, ಡಾಕ್ಟರ ಭಯದಿಂದ. ನಮ್ಮ ಪ್ರಶ್ನಾವಳಿಯಲ್ಲಿದ್ದ ಲಕ್ಷಣಗಳಲ್ಲಿ ನಿಜಕ್ಕೂ ಕೆಲಸ ಮಾಡಿದ್ದು ಅದೊಂದೇ ಎಂದು ನನಗೆ ತೋರಿತು.

ಆಮೇಲೆ ನನ್ನ ತುಳುವಿನ ಸರದಿ. ಬೆಳ್ತಂಗಡಿ ಪೇಟೆಯ ಒಂದು ಚಿಕ್ಕ ಅಂಗಡಿ. ಮನೆಯಲ್ಲಿ ದಿನವಿಡೀ ಆಡುವ ಭಾಷೆ ಬಾಯಲ್ಲಿ ಸಿಕ್ಕಿಕೊಂಡಿತು. ಕೌಂಟರಿನ ಹೆಂಗಸು ಮೊಬೈಲಿನಿಂದ ತಲೆಯೆತ್ತಿ, “ಯಾರಿಗೆ? ಅಣ್ಣನಿಗಾ? ಎಲ್ಲಿ ಕೆಲಸ ಅವನಿಗೆ?” ಎಂದು ತುಳುವಿನಲ್ಲೇ ಕೇಳಿದರು. ಮಂಗಳೂರು ಎಂದೆ. “ಹಾಂ, ಮತ್ತೆ! ಜ್ವರ ಅಲ್ಲಿಂದಲೇ ತಂದದ್ದು,” ಎಂದು ಕತ್ತರಿ ತೆಗೆದರು. “ಬರೀ ಹೊಟ್ಟೆಯಲ್ಲಿ ಕೊಡ್ಬೇಡ, ವಾಂತಿ ಮಾಡ್ತಾನೆ. ನಾಳೆಯೂ ಬಿಡದಿದ್ರೆ ರಕ್ತ ತೋರಿಸು. ಮತ್ತೆ ನೀನೂ ಸ್ವಲ್ಪ ಊಟ ಮಾಡು, ಗಾಳಿಗೆ ಹಾರುವ ಹಾಗೆ ಇದ್ದಿ.”

ಚೀಟಿಯಿಲ್ಲದೆ, ರಕ್ತಪರೀಕ್ಷೆಯಿಲ್ಲದೆ, ಅರೆಬರೆ ಮದ್ದು. ಮಾಡಬಾರದ್ದನ್ನೆಲ್ಲ ಅವರು ಮಾಡಿದ್ದರು. ಆ ಮಾತ್ರೆಗಳನ್ನು ಕೋಡ್ ಹಾಕಿದ ಕವರಿಗೆ ಸೇರಿಸುವಾಗ ನನಗೆ ಆ ಹೆಂಗಸಿನ ಮೇಲೆ ಮಮತೆ ಉಕ್ಕಿತು. ಹಾಳೆಯಲ್ಲಿ ‘ಅಪೂರ್ಣ ಚಿಕಿತ್ಸೆ’ ಎಂದು ಬರೆದೆ.

ಅವಳು ಕನ್ನಡದ ಮೂರು ವಾಕ್ಯ ಹೇಳಿ ಇನ್ನೊಂದು ಅಂಗಡಿಯಿಂದ ಬಾಯಿಗೆ ಶಾಲು ಒತ್ತಿಕೊಂಡು ಓಡಿಬಂದಳು. “ನನ್ನನ್ನು ಮೇಡಂ ಅಂದ್ರು ಮಾರಾಯ್ತಿ! ಕುರ್ಚಿ ಕೊಟ್ರು! ನನ್ನ ಮನೆಯಲ್ಲಿ ನನಗೆ ಯಾರೂ ಕುರ್ಚಿ ಕೊಡುವುದಿಲ್ಲ.” ಅವಳಿಗೂ ಮಾತ್ರೆ ಸಿಕ್ಕಿರಲಿಲ್ಲ. ನನಗೆ ಎಷ್ಟು ಹಗುರವಾಯಿತೆಂದರೆ ಅವಳ ಜೊತೆ ನಾನೂ ನಕ್ಕೆ. ಅವಳ ಮಾಯೆಯೇನೂ ಇರಲಿಲ್ಲ, ಬರೀ ಭಾಷೆ. ಭಾಷೆ ನನಗೂ ಇತ್ತು. ಅದನ್ನು ಸಾಬೀತುಮಾಡುವ ಕ್ರಮವನ್ನು ರೂಪಿಸಿದವಳು ನಾನು. ಹಲವು ವಾರಗಳ ನಂತರ ಅಂದು ನಾನು ಅವಳನ್ನು ಹೊಟ್ಟೆಕಿಚ್ಚಿಲ್ಲದೆ ನೋಡಿದೆ.

ಅದು ಒಂದು ಚಹಾ ಮುಗಿಯುವಷ್ಟು ಹೊತ್ತು ಇತ್ತು.

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಗೋಳಿಬಜೆ ಹೇಳಿ ಕೂತಿದ್ದೆವು. ಅವಳು ಚಟ್ನಿ ಸರಿಯಿಲ್ಲ ಎಂದು ಮಾಣಿಯನ್ನು ಕೀಟಲೆ ಮಾಡಿ, ತಿರುಗಿ ನನಗೆ ಹೇಳಿದಳು: “ನನಗಿಂತ ಮುಂಚೆ ಆ ಅಂಗಡಿಯಲ್ಲಿ ಕಟ್ಟಡ ಕೆಲಸದ ಹುಡುಗರು ಇಬ್ಬರಿದ್ರು. ಹಿಂದಿಯವರು. ಒಬ್ಬನಿಗೆ ನಿಲ್ಲಲಿಕ್ಕೆ ಆಗ್ತಿರಲಿಲ್ಲ, ನಡುಗ್ತಿದ್ದ. ‘ಬುಖಾರ್’ ಅಂದ. ಅಂಗಡಿಯವ ತಲೆ ಎತ್ತಲೇ ಇಲ್ಲ. ಚೀಟಿ ಇಲ್ಲ, ಬೈಗುಳ ಇಲ್ಲ, ಸಾರಿ ಇಲ್ಲ. ಕತ್ತರಿಸಿ ಕೊಟ್ಟ, ಹೋದ್ರು.”

“ಏನು ಕೊಟ್ಟ?”

“ಕಾಣ್ಲಿಲ್ಲ.” ಅವಳು ಗೋಳಿಬಜೆ ಮುರಿದಳು. “ನಿನ್ನನ್ನು ಆಫೀಸು ಅಂದ್ಕೊಂಡ್ರು, ನನ್ನನ್ನು ಮನೆಮಗಳು ಅಂದ್ಕೊಂಡ್ರು. ಅವರನ್ನು ಎಂತ ಅಂದ್ಕೊಂಡ್ರು? ಮಲೇರಿಯಾ ಜಾಸ್ತಿ ಬರುವುದು ಅವರಿಗೇ ಅಲ್ವಾ? ನಾವು ಇಲ್ಲದ ಅಣ್ಣನನ್ನು ಹಿಡ್ಕೊಂಡು ಇಷ್ಟು ತಿರುಗಿದ್ದು. ಇರುವವನನ್ನು ಯಾರೂ ನೋಡ್ಲಿಲ್ಲ.” ಆಮೇಲೆ, “ಏ, ಇನ್ನೊಂದು ಪ್ಲೇಟ್ ಹೇಳುವನಾ?”

ನಾನು ಚಹಾದ ಲೋಟ ಕೆಳಗಿಟ್ಟೆ. ಇಡೀ ಅಧ್ಯಯನದಲ್ಲಿ ಯಾರೂ ಇಷ್ಟು ಸರಿಯಾದ ಮಾತನ್ನು ಹೇಳಿರಲಿಲ್ಲ. ಕೇಳಿದ ಕೂಡಲೇ ಅದು ನನಗೆ ಗೊತ್ತಾಯಿತು. ಅವಳಿಗೆ ಗೊತ್ತಾದಂತೆ ಕಾಣಲಿಲ್ಲ. ಅವಳು ಎರಡನೆಯ ಪ್ಲೇಟಿನ ಚಟ್ನಿಯನ್ನೂ ಟೀಕಿಸುತ್ತಿದ್ದಳು.

ಕೊನೆಯ ವಾರ ಮೇಡಂ ಇಬ್ಬರಿಂದಲೂ ಒಂದು ಟಿಪ್ಪಣಿ ಕೇಳಿದರು. ಮುಂದಿನ ಹಂತದಲ್ಲಿ ಏನು ಮಾಡಬೇಕು, ಯಾಕೆ. ಅದನ್ನು ನೋಡಿಯೇ ಆಯ್ಕೆ ಎಂದೂ ಹೇಳಿದರು. ಬರೆಯುವುದು ಅವಳಿಗೆ ಬೇಸರದ ಕೆಲಸ. ಬಸ್ಸಿನಲ್ಲಿ ನನ್ನ ಬೆನ್ನಿಗೆ ಕಾಗದ ಒತ್ತಿ ಒಂದು ಪುಟ ಗೀಚಿದಳು. ತುಳುವಿನ ವಾಕ್ಯ ಚೆನ್ನಾಗಿದೆ, ಬ್ಯಾರಿ ಭಾಷೆಯಲ್ಲೂ ಮಾಡಬಹುದು, ಮಳೆಗಾಲದಲ್ಲಿ ಆಟೋ ಖರ್ಚು ಕೊಡಬೇಕು. ಹಿಂದಿಯ ಹುಡುಗರ ಮಾತು ಅದರಲ್ಲಿರಲಿಲ್ಲ. ಮರೆತೇಬಿಟ್ಟಿದ್ದಳು.

ನಾನು ಮೂರು ದಿನ ಬರೆದೆ. ಅಂಗಡಿಯ ಲಕ್ಷಣಗಳ ಜೊತೆಗೆ, ಕೇಳುವವನು ಯಾರೆಂದು ಅಂಗಡಿಯವರಿಗೆ ಅನ್ನಿಸುತ್ತದೆ ಎಂಬುದನ್ನೂ ಅಳೆಯಬೇಕು ಎಂದು. ಅಧಿಕಾರಿ, ಊರವರು, ಹೊರಗಿನ ಕೂಲಿಯವರು ಎಂದು ಮೂರು ಬಗೆ. ಮೂರನೆಯದಕ್ಕೆ ಹಿಂದಿ ಮಾತಾಡುವ ಗಂಡಸರನ್ನೇ ತರಬೇತಿ ಕೊಟ್ಟು ಗಿರಾಕಿಗಳಾಗಿ ಕಳಿಸಬೇಕು ಎಂದು. ಅದೇ ಟಿಪ್ಪಣಿಯ ಬೆನ್ನೆಲುಬು. ಅದಿಲ್ಲದಿದ್ದರೆ ಉಳಿದದ್ದು ಚೆನ್ನಾಗಿ ಬರೆದ ವರದಿ, ಅಷ್ಟೇ.

ಎಲ್ಲ ಮುಗಿದ ಮೇಲೆ ಮೂಲಗಳನ್ನು ನಮೂದಿಸುವ ಜಾಗಕ್ಕೆ ಬಂದೆ. ಪ್ರತಿಯೊಂದು ಗಮನಿಕೆಯ ಎದುರು ಅದು ಯಾರದು ಎಂದು ಬರೆಯುವುದು ನನ್ನ ರೂಢಿ. ಅಂಗಡಿಯವರದು, ನನ್ನದು, ಅವಳದು. ಹಿಂದಿಯ ವಿಚಾರದ ಎದುರು ಕೈ ನಿಂತಿತು. ಅವಳಿಗೆ ನೆನಪಿಲ್ಲ. ಹೋಟೆಲಿನಲ್ಲಿ ಬೇರೆ ಯಾರೂ ಕೇಳಿಸಿಕೊಂಡಿಲ್ಲ. ನಾನೂ ಯೋಚಿಸಬಹುದಾಗಿದ್ದ ವಿಚಾರವೇ, ಇನ್ನೊಂದು ವಾರ ಸಿಕ್ಕಿದ್ದರೆ. ಇವೆಲ್ಲ ಒಂದರ ಹಿಂದೊಂದು ಬಂದವು.

ಅವಳ ಹೆಸರು ಬರೆದೆ. ದೊಡ್ಡ ಮನಸ್ಸಿನಿಂದ ಎಂದು ಯಾರೂ ತಿಳಿಯಬಾರದು. ಆ ಗಳಿಗೆಯಲ್ಲಿ ಅವಳ ಮೇಲೆ ನನಗೆ ಪ್ರೀತಿಯಿರಲಿಲ್ಲ. ತಪ್ಪು ಮೂಲ ಬರೆದ ಹಾಳೆಯೊಂದು ನನ್ನ ಕೈಬರಹದಲ್ಲಿ ಎಲ್ಲೋ ಇದೆ ಎಂದು ಗೊತ್ತಿದ್ದುಕೊಂಡು ಬದುಕುವುದು ನನಗೆ ಸಾಧ್ಯವಿರಲಿಲ್ಲ. ಇದು ಸ್ವಭಾವ, ಗುಣವಲ್ಲ.

ಮೇಡಂ ನನ್ನನ್ನು ಒಬ್ಬಳನ್ನೇ ಕರೆದರು. ಟಿಪ್ಪಣಿ ಅವರ ಮುಂದೆ ತೆರೆದಿತ್ತು.

“ಭಾಳ ಛಲೋ ಬರದೀರಿ. ಅದಲುಬದಲು ಮಾಡೋ ವಿಚಾರ ನಿಮ್ಮದು, ಪೇಪರಿನ್ಯಾಗ ನಿಮ್ಮ ಹೆಸರು ಇರತೈತಿ. ಆದ್ರ ಮುಂದಿನ ಕೆಲಸ ಎಲ್ಲಾ ಈ ಮೂರನೇ ಬಗೆ ಗಿರಾಕಿ ವಿಚಾರದ ಮ್ಯಾಲ ನಿಂತೈತಿ. ಅದು ಆಕಿದು ಅಂತ ನೀವ ಬರದೀರಿ.”

“ಹೌದು ಮೇಡಂ.”

“ಆಕಿ ತನ್ನ ಟಿಪ್ಪಣಿಯೊಳಗ ಆಟೋ ಖರ್ಚು ಬರದಾಳ.” ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಬರಿಯೋದು ಕಲಿಸಬಹುದು. ಕಾಣೋದು ಕಲಿಸಲಿಕ್ಕೆ ನನಗ ಬರಂಗಿಲ್ಲ. ಸಿಟ್ಟಾಗಬ್ಯಾಡ್ರಿ.”

ಸಿಟ್ಟಿಲ್ಲ ಎಂದೆ. ನಮಸ್ಕಾರ ಮಾಡಿ ಬಂದೆ.

ಅವಳು ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಳು. ಅವಳಿಗೂ ಫೋನಿನಲ್ಲಿ ವಿಷಯ ತಿಳಿದಿತ್ತು. ಮುಖದಲ್ಲಿ ಸಂತೋಷಕ್ಕಿಂತ ಗಲಿಬಿಲಿ ಹೆಚ್ಚಾಗಿತ್ತು.

“ನನ್ನ ಹೆಸರು ಯಾಕೆ ಹಾಕಿದ್ದು ನೀನು?”

“ನೀನು ಹೇಳಿದ್ದಲ್ವಾ?”

“ಅದು ಸುಮ್ಮನೆ ಹೇಳಿದ್ದು ಮಾರಾಯ್ತಿ! ಗೋಳಿಬಜೆ ತಿನ್ನುವಾಗ ಹೇಳಿದ್ದಕ್ಕೆಲ್ಲ ಯಾರಾದ್ರೂ ಲೆಕ್ಕ ಇಡ್ತಾರಾ?”

ಸುಮ್ಮನೆ ಹೇಳಿದ್ದು. ಆ ವಾರಗಳಲ್ಲಿ ನನ್ನನ್ನು ಸುಟ್ಟದ್ದೆಲ್ಲ ಈ ಒಂದು ಪದದಲ್ಲಿತ್ತು. ಅವಳು ಸುಮ್ಮನೆ ನಿಂತರೆ ಮದ್ದು ಸಿಗುತ್ತಿತ್ತು, ಸುಮ್ಮನೆ ನೋಡಿದರೆ ಕಾಣುತ್ತಿತ್ತು. ನಾನು ಏನನ್ನೂ ಸುಮ್ಮನೆ ಮಾಡಿದವಳಲ್ಲ.

ಅವಳು ನನ್ನ ಕೈ ಹಿಡಿದಳು. “ನೋಡು, ನನಗೆ ಪಿಎಚ್‌.ಡಿ. ಅಂತ ಅಷ್ಟೇನೂ ಇಲ್ಲ. ನಿನಗೆ ಬೇಕಲ್ವಾ? ನೀನೇ ತೆಗೊ. ನಾನು ಮೇಡಮ್ಮಿಗೆ ಹೇಳ್ತೇನೆ, ಆಗುವುದಿಲ್ಲ ಅಂತ.”

ನಾನು ತಿಂಗಳುಗಟ್ಟಲೆ ಕಣ್ಣಿಟ್ಟು ಕಾದದ್ದನ್ನು ಅವಳು ಬಸ್ಸಿನ ಸೀಟಿನ ಹಾಗೆ ಬಿಟ್ಟುಕೊಡಲು ತಯಾರಾಗಿದ್ದಳು.

“ಬೇಡ,” ಎಂದೆ.

ನಮ್ಮ ಕಡೆ ಯಾರೂ ಮೊದಲ ಸಲ ಕೇಳಿದಾಗ ಹೂಂ ಅನ್ನುವುದಿಲ್ಲ. ಬಡಿಸುವವರು ಒಮ್ಮೆ ಕೇಳಿದರೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವೆ. ಇನ್ನೊಮ್ಮೆ ಕೇಳಿದಾಗ ಕೈ ತೆಗೆಯುತ್ತೇವೆ. ಅವಳಿಗೂ ಇದು ಗೊತ್ತು. ಅವಳ ಬಸ್ಸು ಬಂತು. “ಸಾಯಂಕಾಲ ಫೋನ್ ಮಾಡ್ತೇನೆ,” ಎಂದು ಓಡಿ ಹತ್ತಿ, ಕಿಟಕಿಯಿಂದ ಕೈ ಬೀಸಿದಳು.

ಅವಳು ಎರಡನೆಯ ಸಲ ಕೇಳಲಿಲ್ಲ.